ಮಗಳು ಮಂಗನ ಮರಿ ಎತ್ತಿಕೊಂಡು ಬಂದಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಮನೆ ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ನಿನ್ನೆ ಸಂಜೆ ತೋಟದ ತುದಿಯಲ್ಲಿ ಒಂದು ಹೆಣ್ಣು ಮಂಗ ಸತ್ತು ಬಿದ್ದಿತ್ತು. ಮೈಮೇಲೆ ಗಾಯ ಏನೂ ಕಾಣಲಿಲ್ಲ. ಅದರ ಹೊಟ್ಟೆಗೆ ಮರಿಯೊಂದು ಅಂಟಿಕೊಂಡು ಕೂಗುತ್ತಿತ್ತು. ನಾಲ್ಕನೇ ತರಗತಿಯ ನನ್ನ ಮಗಳು ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದಳು. ಈಗ ಅದು ಅವಳ ಕುತ್ತಿಗೆ ಬಿಡುವುದಿಲ್ಲ. ಬಿಡಿಸಿದರೆ ಚೀರುತ್ತದೆ. ಆಕಳ ಹಾಲನ್ನು ಡ್ರಾಪರಿನಲ್ಲಿ ಹಾಕುತ್ತಿದ್ದೇವೆ, ಅರ್ಧ ಮೂಗಿನಿಂದ ಹೊರಗೆ ಬರುತ್ತದೆ. "ತೋಟ ಹಾಳು ಮಾಡೋ ಮಂಗಕ್ಕೆ ಹಾಲು ಬೇರೆ ಕೇಡು, ಬೆಟ್ಟಕ್ಕೆ ಬಿಟ್ಟು ಬಾ" ಎನ್ನುತ್ತಾರೆ ಯಜಮಾನರು. "ಹನುಮಂತ ತಾನಾಗಿ ಬಂದಿದ್ದಾನೆ, ಹೊರಗೆ ಹಾಕಬೇಡಿ" ಎನ್ನುತ್ತಾರೆ ಅತ್ತೆ. ಮನುಷ್ಯರು ಮುಟ್ಟಿದ ಮರಿಯನ್ನು ಹಿಂಡು ಸೇರಿಸುವುದಿಲ್ಲ, ಫಾರೆಸ್ಟಿನವರಿಗೆ ಹೇಳಿದರೆ ಕೇಸು ಹಾಕುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಮಗಳು ಮಾತ್ರ, "ಆಯಿ, ನೀನು ಸತ್ತರೆ ನನ್ನನ್ನೂ ಬೆಟ್ಟಕ್ಕೆ ಬಿಡ್ತೀರಾ?" ಎಂದು ಕೇಳಿದಳು. ನನಗೆ ಮಾತೇ ಹೊರಡಲಿಲ್ಲ. ಏನು ಮಾಡಲಿ?

ಉತ್ತರ: ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿ ಮುಖ್ಯವಾದದ್ದನ್ನು ಹೇಳಿದ್ದೇನೆ. ಬೇಸಿಗೆಯಲ್ಲಿ ನಮ್ಮ ಕಡೆ ಇಂಥ ಮರಿ ಇನ್ನೊಂದು ಮನೆಗೂ ಬರಬಹುದು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವನ್ಯಜೀವಿಗಳ ಚಿಕಿತ್ಸೆ ಮಾಡುವ ಪಶುವೈದ್ಯನಾಗಿ ನಾನು ಮಂಗನ ಮರಿಗಳನ್ನು ಬಹಳ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಯಾರಾದರೂ ಮಕ್ಕಳ ಕೈಯಿಂದಲೇ ಬಂದವು. ದೊಡ್ಡವರು "ಅಯ್ಯೋ ಪಾಪ" ಎಂದು ದಾಟಿ ಹೋಗುವಲ್ಲಿ ಮಕ್ಕಳು ನಿಂತುಬಿಡುತ್ತಾರೆ. ನಿಮ್ಮ ಮಗಳು ನಿಂತಳು. ಅದಕ್ಕೆ ಅವಳನ್ನು ಬೈಯಬೇಡಿ. ಆದರೆ ಅವಳು ಮರಿಯನ್ನು ಕಂಡಳು. ನೀವು ಮೊದಲು ಸತ್ತ ತಾಯಿಯ ಬಗ್ಗೆ ಯೋಚಿಸಬೇಕು.

ಗಾಯವಿಲ್ಲದೆ ಸತ್ತ ಮಂಗ, ಬೇಸಿಗೆ, ಅದೂ ಸಿದ್ದಾಪುರದ ಕಡೆ. ಇಷ್ಟು ಸಾಕು, ಮಂಗಗಳಿಗೂ ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಇರಬಹುದು ಎಂದೇ ಹೆಜ್ಜೆ ಇಡಬೇಕು. ಕರೆಂಟ್ ತಂತಿ ತಗುಲಿ ಸತ್ತಿರಬಹುದು, ವಿಷ ತಿಂದಿರಬಹುದು, ಹಾವು ಕಚ್ಚಿರಬಹುದು. ಕಣ್ಣಿನಲ್ಲಿ ನೋಡಿ ಹೇಳಲು ಆಗುವುದಿಲ್ಲ. ಈ ಕಾಯಿಲೆಯ ವೈರಸ್ಸನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಮಂಗಕ್ಕೂ ಬರುತ್ತದೆ, ಕಪ್ಪು ಮುಖದ ಮುಸ್ಯಕ್ಕೂ ಬರುತ್ತದೆ. ಎರಡೂ ಸಾಯುತ್ತವೆ. ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಕಾಯುತ್ತವೆ. ಹಾಗಾಗಿ ಸತ್ತ ಮಂಗಕ್ಕಿಂತ ಅದು ಬಿದ್ದ ಜಾಗ ಜಾಸ್ತಿ ಅಪಾಯ.

ಉಣುಗು ಎಂದ ಕೂಡಲೇ ದನದ ಮೈಮೇಲೆ ಉಬ್ಬಿ ಕೂತದ್ದು ಕಣ್ಣ ಮುಂದೆ ಬರುತ್ತದೆ, ಅಲ್ವಾ? ಮನುಷ್ಯರಿಗೆ ಕಾಯಿಲೆ ತರುವುದು ಹೆಚ್ಚಾಗಿ ಅದಲ್ಲ. ಅದರ ಮರಿ ಹಂತದ್ದು, ಎಳ್ಳಿನ ಕಾಳಿಗಿಂತ ಚಿಕ್ಕದು. ಕಚ್ಚಿದ್ದೂ ಗೊತ್ತಾಗುವುದಿಲ್ಲ. ನವೆಂಬರ್‌ನಿಂದ ಮೇ ತನಕ ಅದರ ಕಾಲ. ನಮ್ಮವರು ದರಕು ಒಟ್ಟಲು, ಸೊಪ್ಪು ತರಲು ಬೆಟ್ಟಕ್ಕೆ ಹೋಗುವುದೂ ಆಗಲೇ. ಮಂಗಗಳು ಮರಿ ಹಾಕುವುದೂ ಹೆಚ್ಚಾಗಿ ಆಗಲೇ. ನಿಮ್ಮ ತೋಟದ ತುದಿಯಲ್ಲಿ ಈ ಮೂರೂ ಒಟ್ಟಿಗೆ ಸೇರಿವೆ.

ಆದ್ದರಿಂದ ಮೊದಲ ಫೋನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಥವಾ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ. "ತೋಟದಲ್ಲಿ ಮಂಗ ಸತ್ತಿದೆ, ಗಾಯ ಇಲ್ಲ" ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಅವರು ಬಂದು ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು, ಕಳೇಬರವನ್ನು ಸುಟ್ಟು, ಸುತ್ತ ಉಣುಗು ಸಾಯುವ ಪುಡಿ ಹಾಕಿಸುವ ತನಕ ಆ ಕಡೆ ಯಾರೂ ಹೋಗಬೇಡಿ. ಆಳುಗಳನ್ನೂ ಕಳಿಸಬೇಡಿ, ದನವನ್ನೂ ಅತ್ತ ಬಿಡಬೇಡಿ. ನಿಮ್ಮ ಅತ್ತೆಯವರಿಗೆ ಒಂದು ಮಾತು. ಸತ್ತ ಮಂಗಕ್ಕೆ ಹೂವು ಹಾಕಿ, ಭಜನೆ ಮಾಡಿ, ಹೊತ್ತು ಮಣ್ಣು ಮಾಡುವ ಪದ್ಧತಿ ನಮ್ಮ ಊರುಗಳಲ್ಲಿ ಇದೆ. ಅದರ ಹಿಂದಿನ ಭಕ್ತಿಯ ಬಗ್ಗೆ ನನಗೆ ಗೌರವ ಇದೆ. ಮನೆಯ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿಯಲಿ. ಹೆಣದ ಹತ್ತಿರ ಮಾತ್ರ ಹೋಗುವುದು ಬೇಡ.

ಈಗ ಮಗಳ ವಿಷಯ. ಅವಳು ಸತ್ತ ಮಂಗದ ಹತ್ತಿರ ಕೂತು ಮರಿ ಬಿಡಿಸಿದ್ದಾಳೆ. ಮರಿ ಅವಳ ಕುತ್ತಿಗೆಗೆ ಅಂಟಿ ರಾತ್ರಿ ಕಳೆದಿದೆ. ಬಿಸಿ ನೀರು, ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿಸಿ. ಆಮೇಲೆ ಬೆಳಕಿನಲ್ಲಿ ಕೂರಿಸಿ ಕಿವಿಯ ಹಿಂದೆ, ಕೂದಲಿನ ಬುಡ, ಕಂಕುಳು, ಸೊಂಟದ ಲಾಡಿ ಕಟ್ಟುವ ಜಾಗ, ಮೊಣಕಾಲಿನ ಹಿಂಭಾಗ ಎಲ್ಲ ಬೆರಳಾಡಿಸಿ ನೋಡಿ. ಉಣುಗು ಸಿಕ್ಕಿದರೆ ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು ಬೇಡ. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಜಾಗವನ್ನು ಸೋಪಿನಲ್ಲಿ ತೊಳೆಯಿರಿ. ಅವಳು ಹಾಕಿದ್ದ ಬಟ್ಟೆ, ಆ ಟವೆಲು ಕುದಿಯುವ ನೀರಿಗೆ ಹೋಗಲಿ. ಮರಿ ಕಚ್ಚಿದ್ದರೆ, ಪರಚಿ ರಕ್ತ ಬಂದಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಣ್ಣ ಮರಿ, ಏನಾಗುತ್ತದೆ ಎಂದುಕೊಳ್ಳಬೇಡಿ. ರೇಬೀಸ್ ಚುಚ್ಚುಮದ್ದು ಬೇಕೋ ಬೇಡವೋ ವೈದ್ಯರು ಹೇಳಲಿ.

ಭಯಪಟ್ಟು ಮಗುವನ್ನು ದೂರ ಕೂರಿಸುವ ಕಾರಣ ಇಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣುಗು ಕಚ್ಚಿದರೆ ಸಾಮಾನ್ಯವಾಗಿ 3ರಿಂದ 8 ದಿನಗಳ ಒಳಗೆ ಜ್ವರ ಬರುತ್ತದೆ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಯೆಲ್ಲ ಹಿಂಡಿದ ಹಾಗೆ ನೋವು. ಎರಡು ವಾರ ಅವಳ ಮೇಲೆ ಒಂದು ಕಣ್ಣಿಡಿ. ನಿಮ್ಮೆಲ್ಲರ ಮೇಲೂ.

ಇನ್ನು ಮರಿ. ನೀವು ಕಳಿಸಿದ ಫೋಟೊದಲ್ಲಿ ಮುಖ ಇನ್ನೂ ಗುಲಾಬಿ, ಮೈ ಕೂದಲು ಕಪ್ಪು. ಒಂದೆರಡು ತಿಂಗಳೊಳಗಿನದು. ಈ ವಯಸ್ಸಿನಲ್ಲಿ ಅದು ತಾಯಿಯ ಹೊಟ್ಟೆ ಬಿಟ್ಟು ದೂರ ಹೋಗುವುದೇ ಇಲ್ಲ. ತಾಯಿ ಕೊಂಬೆಯಿಂದ ಕೊಂಬೆಗೆ ಹಾರುವಾಗ ಮರಿಯನ್ನು ಹಿಡಿದುಕೊಳ್ಳಲು ಅವಳಿಗೆ ಕೈ ಬಿಡುವಿರುವುದಿಲ್ಲ. ಮರಿಯೇ ನಾಲ್ಕೂ ಕೈಕಾಲುಗಳಿಂದ ಕೂದಲನ್ನು ಬಿಗಿಯಾಗಿ ಹಿಡಿಯಬೇಕು. ಹಿಡಿತ ತಪ್ಪಿದರೆ ಸಾವು. ಅದಕ್ಕೇ ಬಿಡಿಸಿದರೆ ಚೀರುತ್ತದೆ. ನಿಮ್ಮ ಮಗಳ ಮೇಲಿನ ಪ್ರೀತಿ ಎಂದು ಮನೆಯವರಿಗೆ ಅನ್ನಿಸುತ್ತದೆ. ಅದು ಭಯ.

1950ರ ದಶಕದಲ್ಲಿ ಅಮೆರಿಕದಲ್ಲಿ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿ ತಾಯಿಯಿಂದ ಬೇರೆ ಮಾಡಿದ ಮಂಗನ ಮರಿಗಳ ಮೇಲೆ ಪ್ರಯೋಗ ಮಾಡಿದರು. ಮರಿಯ ಮುಂದೆ ಎರಡು ಬೊಂಬೆ. ಒಂದು ಬರಿ ತಂತಿಯದ್ದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿತ್ತು, ಹಾಲು ಇರಲಿಲ್ಲ. ಮರಿಗಳು ಹಸಿವಾದಾಗ ಮಾತ್ರ ತಂತಿಯ ಹತ್ತಿರ ಹೋಗಿ ಕುಡಿದು, ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡಿದ್ದವು. ಕ್ರೂರ ಪ್ರಯೋಗ, ಇವತ್ತು ಯಾರೂ ಒಪ್ಪಲಾರರು. ಆದರೆ ಅದರಿಂದ ತಿಳಿದದ್ದು ನಿಮಗೆ ಇವತ್ತು ಉಪಯೋಗಕ್ಕೆ ಬರುತ್ತದೆ. ಒಂದು ಹಳೆ ಟರ್ಕಿ ಟವೆಲನ್ನು ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಮೊಳದುದ್ದದ ದಿಂಬಿನ ಹಾಗೆ ಮಾಡಿ ಮರಿಗೆ ಕೊಡಿ. ಮೊದಲು ಚೀರಬಹುದು. ಸ್ವಲ್ಪ ಹೊತ್ತಿಗೆ ಅದನ್ನೇ ತಬ್ಬಿಕೊಳ್ಳುತ್ತದೆ. ಮಗಳ ಕುತ್ತಿಗೆಗೆ ಬಿಡುವು ಸಿಗುತ್ತದೆ. ಮರಿಯ ಉಗುರು, ಉಸಿರು, ಮೈಯ ಉಣುಗು ಅವಳಿಂದ ದೂರವಾಗುತ್ತವೆ. ಈ ದಿಂಬು ಸುತ್ತುವ ಕೆಲಸವನ್ನು ಅವಳಿಗೇ ಕೊಡಿ.

ಅರಣ್ಯ ಇಲಾಖೆಯವರು ಬರುವ ತನಕ ಮರಿಯನ್ನು ದೊಡ್ಡವರು ಒಬ್ಬರೇ ಮುಟ್ಟಲಿ. ತುಂಬು ತೋಳಿನ ಅಂಗಿ, ಕೈಗೆ ಗ್ಲೌಸು, ಮೂಗು ಬಾಯಿಗೆ ಮಾಸ್ಕ್. ರಟ್ಟಿನ ಪೆಟ್ಟಿಗೆಗೆ ಬಿಳಿ ಬಟ್ಟೆ ಹಾಸಿ, ಉಣುಗು ಬಿದ್ದರೆ ಕಾಣುತ್ತದೆ. ಬಾಟಲಿಗೆ ಬಿಸಿ ನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಸ್ನಾನ ಮಾಡಿಸಬೇಡಿ, ಅರಿಶಿನ ಹಚ್ಚಬೇಡಿ. ದನದ ಉಣುಗಿಗೆ ಹಾಕುವ ಪುಡಿಯನ್ನಂತೂ ಹಾಕಲೇಬೇಡಿ, ಅಷ್ಟು ಸಣ್ಣ ಮೈಗೆ ಅದು ವಿಷ. ನಾಯಿ ಬೆಕ್ಕು ಹತ್ತಿರ ಬಾರದಿರಲಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು, ನೆಗಡಿ, ತುಟಿಯ ಮೇಲೆ ಜ್ವರದ ಗುಳ್ಳೆ ಇದ್ದರೆ ಅವರು ಮುಟ್ಟಬಾರದು. ನಮಗೆ ಸಣ್ಣದಾದ ರೋಗ ಮಂಗನ ಮರಿಯನ್ನು ಕೊಲ್ಲಬಹುದು.

ಹಾಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೈಗೆ ಬರುವ ಹೊತ್ತಿಗೇ ಸಾಯುವ ಸ್ಥಿತಿಯಲ್ಲಿರುವ ಮರಿಗಳು ಹೆಚ್ಚಾಗಿ ಹಸಿವಿನಿಂದ ಹಾಗಾದವಲ್ಲ, ಕುಡಿಸಿದ್ದರಿಂದ ಹಾಗಾದವು. ನಾವು ಮಗುವನ್ನು ಮಡಿಲಲ್ಲಿ ಅಂಗಾತ ಮಲಗಿಸಿ ಹಾಲು ಹಾಕುವ ಅಭ್ಯಾಸದವರು. ಮಂಗನ ಮರಿ ತಾಯಿಯ ಎದೆಗೆ ಮುಖ ಮಾಡಿ, ನೆಟ್ಟಗೆ ಕೂತು ಕುಡಿಯುವ ಪ್ರಾಣಿ. ಅಂಗಾತ ಹಾಕಿ ಡ್ರಾಪರು ಒತ್ತಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿನಿಂದ ಹಾಲು ಬರುತ್ತದೆ ಎಂದಿರಲ್ಲ, ಅದೇ ಸೂಚನೆ. ತಕ್ಷಣ ನಿಲ್ಲಿಸಿ. ಕೈಕಾಲು ತಣ್ಣಗಿದ್ದರೆ ಏನೂ ಕುಡಿಸಬೇಡಿ, ಮೊದಲು ಮೈ ಬೆಚ್ಚಗಾಗಲಿ. ಆಮೇಲೆ ಮರಿ ಆ ಬಟ್ಟೆಯ ದಿಂಬನ್ನು ತಬ್ಬಿ ನೆಟ್ಟಗೆ ಕೂತಿರುವಾಗ, ತುಟಿಯ ಅಂಚಿಗೆ ಒಂದೊಂದೇ ಹನಿ. ಅದು ನುಂಗಿದ್ದು ಕಂಡ ಮೇಲೆ ಇನ್ನೊಂದು. ಆಕಳ ಹಾಲು ಕರುವಿಗೆ ಆಗಿರುವುದು, ಮಂಗಕ್ಕೆ ಒಗ್ಗದೆ ಭೇದಿ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಎಳೆ ಮಗುವಿಗೆಂದು ಸಿಗುವ ಹಾಲಿನ ಪುಡಿಯನ್ನು ಡಬ್ಬದ ಮೇಲೆ ಬರೆದ ಅಳತೆಯಲ್ಲಿ ಕದಡಿ, ಉಗುರು ಬೆಚ್ಚಗೆ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಬಹುದು. ಬಾಳೆಹಣ್ಣು, ಬಿಸ್ಕಿಟ್ ಈ ವಯಸ್ಸಿಗೆ ಬೇಡ. ಇಷ್ಟೂ ಒಂದು ದಿನದ ಮಾತು ಮಾತ್ರ. ಸಾಕುವ ಕ್ರಮ ಎಂದು ತಿಳಿಯಬೇಡಿ.

ಪಕ್ಕದ ಮನೆಯವರು ಹೇಳಿದ ಎರಡು ಮಾತು. ಮನುಷ್ಯರು ಮುಟ್ಟಿದ ಮರಿಯನ್ನು ಹಿಂಡು ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು. ಮಂಗಗಳು ತಮ್ಮವರನ್ನು ಮುಖದಿಂದ, ದನಿಯಿಂದ ಗುರುತಿಸುತ್ತವೆ. ನಮ್ಮ ಕೈ ವಾಸನೆ ಅಲ್ಲಿ ದೊಡ್ಡ ಲೆಕ್ಕ ಅಲ್ಲ. ಇನ್ನೊಂದು, ಕೇಸಿನ ಭಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಪ್ರಾಣಿ ಕೈಗೆ ಸಿಕ್ಕರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ತಿಳಿಸಿದವರಿಗೆ ತೊಂದರೆ ಇಲ್ಲ. ಮುಚ್ಚಿಟ್ಟು ಸಾಕಿದರೆ ಅದು ಅಪರಾಧ. ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಫೋನ್ ಮಾಡಿ. ಅಲ್ಲಿ ಯಾರೂ ಸಿಗದಿದ್ದರೆ ಇಲಾಖೆಯ ಸಹಾಯವಾಣಿ 1926 ಇದೆ.

ಹಾಗಾದರೆ ಮರಿಗೆ ಮುಂದೇನು?

ಎಲ್ಲಕ್ಕಿಂತ ಒಳ್ಳೆಯದು ಅದರ ಹಿಂಡು. ಹೆಣ್ಣು ಮಂಗಗಳು ಹುಟ್ಟಿದ ಹಿಂಡಿನಲ್ಲೇ ಕೊನೆ ತನಕ ಇರುತ್ತವೆ. ಹಾಗಾಗಿ ಮರಿಯ ಅಜ್ಜಿ, ದೊಡ್ಡಮ್ಮ, ಅಕ್ಕ ಎಲ್ಲ ಅಲ್ಲೇ ಇರುತ್ತಾರೆ. ಯಾರಾದರೂ ಎತ್ತಿಕೊಳ್ಳುವ ಸಾಧ್ಯತೆ ಇದೆ. ಆದರೆ ಎತ್ತಿಕೊಂಡವಳಿಗೆ ಹಾಲೂ ಇರಬೇಕು. ಇಲ್ಲದಿದ್ದರೆ ಪ್ರೀತಿಯಿಂದ ಹೊತ್ತು ತಿರುಗಿದರೂ ಮರಿ ಉಳಿಯುವುದಿಲ್ಲ. ಮತ್ತೆ, ಅದೇ ಹಿಂಡು ಆಗಬೇಕು. ಬೇರೆ ಹಿಂಡಿನ ನಡುವೆ ಬಿಟ್ಟರೆ ಕಚ್ಚಿ ಕೊಲ್ಲಬಹುದು. ತಡವಾದಷ್ಟೂ ಅವಕಾಶ ಕಡಿಮೆ. ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕು: ತಾಯಿ ಸತ್ತದ್ದು ಮಂಗನ ಕಾಯಿಲೆಯಿಂದ ಆಗಿದ್ದರೆ ಹಿಂಡಿಗೆ ಸೇರಿಸುವ ಮೊದಲು ಆರೋಗ್ಯ, ಅರಣ್ಯ, ಪಶುಸಂಗೋಪನೆ ಮೂರೂ ಇಲಾಖೆಯವರು ಮಾತಾಡಿಕೊಳ್ಳಬೇಕು. ಇದನ್ನು ನೀವು ಮಾಡಲು ಹೋಗಬೇಡಿ. ಹಿಂಡು ಈಗ ಎಲ್ಲಿದೆ, ಸಂಜೆ ಯಾವ ಮರಕ್ಕೆ ಮಲಗಲು ಬರುತ್ತದೆ ಎಂಬುದನ್ನು ಮಾತ್ರ ದೂರದಿಂದ ನೋಡಿಟ್ಟುಕೊಳ್ಳಿ. ಅಂಗಳದಲ್ಲಿ ನಿಂತು ನೋಡಿ ಬರೆದಿಡುವುದು ನಿಮ್ಮ ಮಗಳಿಗೆ ಆಗುವ ಕೆಲಸ. ಬಂದವರಿಗೆ ಅದರಷ್ಟು ಉಪಯೋಗದ ಮಾಹಿತಿ ಇನ್ನೊಂದಿಲ್ಲ.

ಹಿಂಡಿಗೆ ಸೇರಿಸಲು ಆಗದಿದ್ದರೆ ಇಲಾಖೆಯ ಮೂಲಕ ಮೃಗಾಲಯ ಅಥವಾ ಪುನರ್ವಸತಿ ಕೇಂದ್ರ. ನಿಮಗೆ ಹತ್ತಿರದ ಸರ್ಕಾರಿ ಮೃಗಾಲಯ ಶಿವಮೊಗ್ಗದ ತ್ಯಾವರೆಕೊಪ್ಪದಲ್ಲಿದೆ. ಎಲ್ಲಿಗೆ ಕಳಿಸಬೇಕು ಎಂದು ನಿರ್ಧರಿಸುವುದು ಇಲಾಖೆ. ಇದರಲ್ಲಿಯೂ ಕಷ್ಟ ಇದೆ, ಮುಚ್ಚಿಡುವುದಿಲ್ಲ. ದಾರಿಯಲ್ಲೇ ಮರಿ ಸೋಲಬಹುದು. ಬದುಕಿದರೂ ಮತ್ತೆ ಕಾಡಿಗೆ ಹೋಗುತ್ತದೆ ಎನ್ನುವ ಖಾತ್ರಿ ಇಲ್ಲ. ಆದರೆ ಅಲ್ಲಿ ತನ್ನ ಜಾತಿಯ ಬೇರೆ ಮರಿಗಳ ಜೊತೆ ಬೆಳೆದರೆ ಮಂಗವಾಗಿ ಬೆಳೆಯುತ್ತದೆ. ಬಂದ ಸಿಬ್ಬಂದಿ "ಕಾಡಿಗೆ ಬಿಟ್ಟರಾಯಿತು" ಎಂದರೆ, ಒಪ್ಪಬೇಡಿ. ಇಷ್ಟು ಸಣ್ಣದನ್ನು ಒಂಟಿಯಾಗಿ ಬಿಡುವುದೆಂದರೆ ರಾತ್ರಿಯೊಳಗೆ ಸಾಯಲು ಬಿಟ್ಟಂತೆ. ಪಶುವೈದ್ಯರನ್ನು ಕರೆಸಿ ಎಂದು ವಿನಯದಿಂದ, ಗಟ್ಟಿಯಾಗಿ ಕೇಳಿ.

ಮೂರನೆಯದು, ಮನೆಯಲ್ಲೇ ಸಾಕುವುದು. ನಿಮ್ಮ ಅತ್ತೆಯವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಹೀಗೆ ಸಾಕಿದ ಮಂಗದ ಗತಿ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಒಂದು ವರ್ಷ ಎಲ್ಲರ ಹೆಗಲ ಮೇಲೆ. ಆಮೇಲೆ ಕಚ್ಚಲು ಶುರು. ಮೊದಲು ಮನೆಯ ಚಿಕ್ಕವರನ್ನು ಕಚ್ಚುತ್ತದೆ, ಯಾಕೆಂದರೆ ಹಿಂಡಿನಲ್ಲಿ ತನಗಿಂತ ಕೆಳಗಿನವರು ಯಾರು ಎಂದು ಅದು ಹುಡುಕುತ್ತದೆ. ಆಗ ಸೊಂಟಕ್ಕೆ ಸರಪಳಿ ಬೀಳುತ್ತದೆ. ಅಂಥ ಒಂದನ್ನು ಹಲಸಿನ ಮರದ ಬುಡದಲ್ಲಿ ಕಂಡಿದ್ದೆ. ಸರಪಳಿ ಉಜ್ಜಿ ಸೊಂಟದ ಕೂದಲು ಹೋಗಿ ಚರ್ಮ ದಪ್ಪಗಟ್ಟಿತ್ತು. ತನ್ನ ತೋಳನ್ನು ತಾನೇ ತಬ್ಬಿಕೊಂಡು, ಹೆಬ್ಬೆರಳು ಚೀಪುತ್ತ, ಹಿಂದೆ ಮುಂದೆ ತೂಗುತ್ತಲೇ ಇತ್ತು. ಹತ್ತಿರ ಹೋದರೂ ನಿಲ್ಲಿಸಲಿಲ್ಲ. ಆ ಮನೆಯವರು ಕೆಟ್ಟವರಲ್ಲ. ಪ್ರೀತಿಯಿಂದಲೇ ತಂದಿದ್ದರು. ಇಂಥವನ್ನು ಕೊನೆಗೆ ದೇವಿಮನೆ ಘಟ್ಟದಲ್ಲೋ ಇನ್ನೊಂದು ಘಟ್ಟದಲ್ಲೋ ಬಿಟ್ಟು ಬರುತ್ತಾರೆ. ಅವು ಕಾರುಗಳ ಹಿಂದೆ ಕೈ ಚಾಚಿ ಓಡಿ ಚಕ್ರದಡಿ ಸಿಗುತ್ತವೆ. ಅಂದಹಾಗೆ, ಕುಮಟಾಕ್ಕೆ ಹೋಗುವಾಗ ಘಟ್ಟದಲ್ಲಿ ಗಾಡಿ ನಿಲ್ಲಿಸಿ ಬಾಳೆಹಣ್ಣು ಎಸೆಯುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ತಾಯಿ ರಸ್ತೆಯಲ್ಲಿ ಸತ್ತು ಹೊಟ್ಟೆಗೆ ಅಂಟಿದ ಮರಿ ಉಳಿದದ್ದು ನನ್ನ ಹತ್ತಿರ ಬರುವುದು ಹೆಚ್ಚಾಗಿ ಅಂಥ ಜಾಗಗಳಿಂದಲೇ.

ನಿಮ್ಮ ಯಜಮಾನರ ಸಿಟ್ಟನ್ನು ನಾನು ತಪ್ಪು ಎನ್ನುವುದಿಲ್ಲ. ಬಾಳೆಗೊನೆ, ಎಳೆ ಅಡಿಕೆ, ಏಲಕ್ಕಿ ಹೋದ ನೋವು ತೋಟ ಮಾಡಿದವರಿಗೇ ಗೊತ್ತು. ಆದರೆ ಮಗಳ ಎದುರಿಗೆ ಅವರು "ಸಾಯಲಿ ಬಿಡು" ಎನ್ನದಿರಲಿ. ಮರಿಯನ್ನು ಕಳಿಸಲೇಬೇಕು ಎನ್ನುವುದನ್ನು ಅವಳು ಒಪ್ಪಬೇಕಾದರೆ, ಬೇಡವೆಂದು ಕಳಿಸುತ್ತಿಲ್ಲ, ಅದಕ್ಕೆ ಬೇಕಾದ್ದು ನಮ್ಮಲ್ಲಿಲ್ಲ ಎಂದು ಅವಳಿಗೆ ಅನ್ನಿಸಬೇಕು.

ಅವಳ ಪ್ರಶ್ನೆಗೆ ಉತ್ತರ ನಿಜದಲ್ಲೇ ಇದೆ. "ಇಲ್ಲ ಮಗಾ, ನಿನ್ನನ್ನು ಬೆಟ್ಟಕ್ಕೆ ಬಿಡುವುದಿಲ್ಲ. ನಾನಿಲ್ಲದಿದ್ದರೆ ನೀನು ಅಜ್ಜಿಯ ಹತ್ತಿರ, ಚಿಕ್ಕಮ್ಮನ ಹತ್ತಿರ, ನಮ್ಮವರ ಹತ್ತಿರ ಇರುತ್ತೀಯ. ಈ ಮರಿಗೂ ಅದರವರು ಬೇಕು. ಅವರನ್ನು ಹುಡುಕೋಣ." ಇಷ್ಟು ಹೇಳಿ. ಮರಿ ತನ್ನ ಅಮ್ಮನ ಹತ್ತಿರ ಹೋಯಿತು ಎಂದು ಕಥೆ ಕಟ್ಟಬೇಡಿ, ಅಮ್ಮ ಸತ್ತದ್ದನ್ನು ಅವಳೇ ನೋಡಿದ್ದಾಳೆ. ಅವಳು ಶಾಲೆಗೆ ಹೋದಾಗ ಕದ್ದು ಸಾಗಿಸಬೇಡಿ. ಇಲಾಖೆಯವರು ಬಂದಾಗ ಅವಳು ಸ್ವಲ್ಪ ದೂರದಲ್ಲಿ ನಿಂತು ನೋಡಲಿ, ದಿಂಬು ಮರಿಯ ಜೊತೆಗೇ ಹೋಗಲಿ. ಹೆಸರು ಇಟ್ಟಿದ್ದರೆ ಇರಲಿ. ಅತ್ತರೆ ಅಳಲಿ. "ಉಳಿಯುತ್ತದಾ?" ಎಂದು ಕೇಳುತ್ತಾಳೆ. ಉಳಿಯಬಹುದು, ಉಳಿಯದಿರಲೂಬಹುದು ಎಂದೇ ಹೇಳಿ. ಒಂಬತ್ತು ವರ್ಷದ ಮಗು ಅಷ್ಟನ್ನು ತಡೆದುಕೊಳ್ಳುತ್ತದೆ. ಸುಳ್ಳು ಗೊತ್ತಾದರೆ, ಮುಂದೆ ಇಂಥದ್ದು ಕಂಡಾಗ ಅವಳು ನಿಮ್ಮ ಹತ್ತಿರ ಬರುವುದೇ ಇಲ್ಲ, ಬಚ್ಚಿಟ್ಟುಕೊಳ್ಳುತ್ತಾಳೆ. ಮಂಗನ ಕಾಯಿಲೆ ಇರುವ ಊರಿನಲ್ಲಿ ಅದು ಆಗಬಾರದು. ಸತ್ತ ಪ್ರಾಣಿಯನ್ನೂ ಅದರ ಮರಿಯನ್ನೂ ಮುಟ್ಟದೆ ಓಡಿ ಬಂದು ನಿಮ್ಮನ್ನು ಕರೆಯುವುದೇ ಮರಿಗೆ ಮಾಡುವ ಸಹಾಯ ಎಂದು ಈಗಲೇ ಹೇಳಿಕೊಡಿ.

ಮರಿಯನ್ನು ತೆಗೆದುಕೊಂಡು ಹೋಗುವವರ ಹೆಸರು, ಫೋನ್ ನಂಬರು ಬರೆದುಕೊಳ್ಳಿ. ಎಲ್ಲಿಗೆ ಒಯ್ಯುತ್ತಾರೆ ಕೇಳಿಟ್ಟುಕೊಂಡು ನಾಲ್ಕು ದಿನ ಬಿಟ್ಟು ಮಗಳ ಎದುರಿಗೇ ವಿಚಾರಿಸಿ. ತಾಯಿ ಮಂಗದ ಪರೀಕ್ಷೆಯ ಫಲಿತಾಂಶವನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ. ಬೆಟ್ಟಕ್ಕೆ ಹೋಗಲೇಬೇಕಾದಾಗ, ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿ ನೀರಿನ ಸ್ನಾನ ಮಾಡಿ. ಹಿಂದೆ ಹಾಕಿಸಿಕೊಂಡ ಲಸಿಕೆಯನ್ನು ನಂಬಿ ಕೂರಬೇಡಿ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅಂಗಡಿಯ ನೋವಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ, ತೋಟದಲ್ಲಿ ಮಂಗ ಸತ್ತಿತ್ತು, ಅದರ ಮರಿ ಮನೆಯಲ್ಲಿತ್ತು ಎಂದು ನೀವೇ ಮೊದಲು ಹೇಳಿ. ರಕ್ತ ಪರೀಕ್ಷೆಗೆ ಕಳಿಸುವುದು ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.